ಹಿಂದಿನ ಎಡಬಾಗಿಲು

ಮೆಕ್ಯಾನಿಕ್ ಅಣ್ಣನಿಗೆ ನಮಸ್ಕಾರ.

ಹೊಸ ಕಾರಿನ ಮೊದಲ ಸರ್ವಿಸ್ ಚೆನ್ನಾಗಿ ಮಾಡಿದ್ದೀರಿ. ಬ್ರೇಕು, ಟೈರಿನ ಗಾಳಿ ಎಲ್ಲ ಸರಿಯಾಗಿದೆ. ಆದರೆ ಹೇಳದ ಕೆಲಸವೊಂದನ್ನೂ ಮಾಡಿದ್ದೀರಿ. ಹಿಂದಿನ ಎಡಬಾಗಿಲು ಒಳಗಿನಿಂದ ತೆರೆಯುವುದಿಲ್ಲವೆಂದು ಚೈಲ್ಡ್ ಲಾಕ್ ತೆಗೆದಿದ್ದೀರಿ. ಅದನ್ನು ಹಾಕಿದ್ದು ನಾನೇ. ನನ್ನ ಮಗಳು ಸುಮ್ಮನೆ ಕೂರುವವಳಲ್ಲ, ಓಡುವ ಕಾರಿನಲ್ಲೂ ಹಿಡಿ ಎಳೆಯುತ್ತಿದ್ದಳು. ಹೋದ ತಿಂಗಳು ಜ್ವರವೊಂದು ನೆಪವಾಗಿ ಹೊರಟೇಹೋದಳು.

ಈಗ ಅಲ್ಲಿ ನಮ್ಮತ್ತೆ ಕೂರುತ್ತಾರೆ. ನಿನ್ನೆ ಅವರು ಹಿಡಿ ಎಳೆದರೆ ಬಾಗಿಲು ತೆರೆದುಕೊಂಡಿತು. ಇಳಿಯದೆ ಕೂತೇಬಿಟ್ಟರು.

"ಇಷ್ಟು ಬೇಗ ತೆಗೆಸಿಬಿಟ್ಯೇನೇ?" ಎಂದರು.

ನಾಳೆ ಗಾಡಿ ತರುತ್ತೇನೆ, ಲಾಕ್ ಮತ್ತೆ ಹಾಕಿಕೊಡಿ. ಹಾಕುವುದು ನನಗೂ ಗೊತ್ತು, ಕೈ ಏಳುತ್ತಿಲ್ಲ. ಬಾಗಿಲನ್ನು ಮೊದಲಿನ ಹಾಗೆ ನಾನೇ ಹೊರಗಿನಿಂದ ತೆರೆಯುತ್ತೇನೆ.

ಇಂತಿ,
ಚಿಣ್ಣಿಯ ಅಮ್ಮ