ಹೆಸರಿಲ್ಲದ ತುಂಡು

ಜನವರಿ ೧೨, ಸೋಮವಾರ

ನೆಗಡಿ ಜ್ವರಕ್ಕೆಂದು ಚಳ್ಳಕೆರೆಯಿಂದ ತಂದ ಸಿರಪ್ಪನ್ನು ಅವ್ವನಿಗೆ ಕುಡಿಸಿದೆ. ಆಮೇಲೆ ನೋಡಿದರೆ ದಿಂಬಿನ ಕೆಳಗೆ ಯಾವುದೋ ಮಾತ್ರೆ ಪಟ್ಟಿಯ ಖಾಲಿ ಚೂರು.

"ಪರಶುರಾಂಪುರದ ಔಷಧಿ ಅಂಗಡೀಲಿ ಕೊಟ್ರು. ಎರಡೂ ತಗೊಂಡ್ರೆ ಬೇಗ ಬಿಡ್ತೈತೆ ಅಂತ ನುಂಗ್ದೆ" ಅಂದಳು ಅವ್ವ.

ಸಿರಪ್ಪಿನಲ್ಲಿ ಪ್ಯಾರಾಸಿಟಮಾಲ್ ಇದೆ. ಮಾತ್ರೆಯಲ್ಲೂ ಅದೇ ಇದ್ದರೆ ಎರಡು ಪಟ್ಟಾಯಿತು. ಹೇಗೆ ತಿಳಿಯಲಿ? ನಮ್ಮ ಕಡೆ ಅಂಗಡಿಯವರು ಪಟ್ಟಿಯಿಂದ ಕೇಳಿದಷ್ಟು ಮಾತ್ರೆಗಳನ್ನೇ ಕತ್ತರಿಸಿ ಕೊಡುತ್ತಾರೆ. ಹೆಸರಿದ್ದ ತುಂಡು ಅಲ್ಲೇ ಉಳಿದಿದೆ. ಅಂಗಡಿಯವನು ಫೋನ್ ಎತ್ತುತ್ತಿಲ್ಲ. ಚೂರನ್ನು ದೀಪಕ್ಕೆ ಹಿಡಿದು ಹಿಡಿದು ನೋಡಿದೆ, ಬರೀ ಬೆಳ್ಳಿ ಬಣ್ಣ. ಸಿರಪ್ಪನ್ನು ಬಚ್ಚಿಟ್ಟೆ. ನನ್ನ ಕೈಲಾದದ್ದು ಅಷ್ಟೇ.

ಬರೆಯುತ್ತಿರುವಾಗಲೇ ಅವ್ವ ಮಗ್ಗುಲು ಬದಲಿಸಿದಳು. "ಜ್ವರ ಇಳಿದೈತೆ ಕಣೇ. ಒಳ್ಳೆ ಮಾತ್ರೆ. ನಾಳೆ ಅವನ್ನೇ ಇನ್ನೊಂದಿಷ್ಟು ತರ್ತೀಯಾ?"

ಏನೆಂದು ಕೇಳಿ ತರಲಿ?