ಬಾಗಿಲ ಹತ್ರದ ದನಿ

ರಾಮನಗರ

ಐಶ್ವರ್ಯ,

ಐಶು ಅಂತ ಬರೆಯೋದು ಈಗ ಸರಿ ಕಾಣಲ್ಲ. ಮೆಸೇಜ್ ಮಾಡಬೇಡ ಅಂದೆಯಲ್ಲ, ಅದಕ್ಕೇ ಕಾಗದ.

ನಮ್ಮ ಬ್ಲೂಸ್ ಹಾಡಿಂದ ನನ್ನ ದನಿ ತೆಗೆದುಬುಡು, ಹುಡುಗನ ಮನೆಯೋರು ಕೇಳಿದ್ರೆ ಕಷ್ಟ ಅಂತ ನೀನು ಅಂದಿದ್ದೆ. ತೆಗೆಯೋಕಾಗಲ್ಲ ಕಣೆ. ರೇಷ್ಮೆ ರೀಲಿಂಗ್ ಶೆಡ್ಡಲ್ಲಿ ಒಂದೇ ಮೈಕ್ ಇಟ್ಟು ಎಲ್ಲರೂ ಒಟ್ಟಿಗೆ ಹಾಡಿದ್ದಲ್ವಾ? ನಿನ್ನ ದನಿ, ನನ್ನ ಗಿಟಾರು, ಡ್ರಮ್ ಬಾರಿಸೋ ಜಯಕುಮಾರನ ಕೆಮ್ಮು ಎಲ್ಲ ಒಂದರೊಳಗೊಂದು ಸೇರ್ಕೊಂಡೈತೆ. ನಿನ್ನ ತೆಗೆದ್ರೆ ಹಾಡೇ ಹೋಯ್ತದೆ.

ಭಾನುವಾರ ನೀನಿಲ್ಲದೆ ಮತ್ತೆ ರೆಕಾರ್ಡ್ ಮಾಡಿದ್ವಿ. ನಿನ್ನ ಗಂಟಲು ಜೋರು ಅಂತ ಮೈಕಿಂದ ದೂರ, ಬಾಗಿಲ ಹತ್ರ ನಾನು ನಿಲ್ಲಿಸ್ತಿದ್ನಲ್ಲ, ಆ ಜಾಗಕ್ಕೆ ಯಾರೂ ಹೋಗಲಿಲ್ಲ. ನಾನೇನೂ ಹೇಳಿರಲಿಲ್ಲ. ನಿನ್ನ ಸಾಲು ಬಂದಾಗ ಎಲ್ಲರೂ ಸುಮ್ಮನಾದ್ರು. ಅಲ್ಲಿ ಕನಕಪುರದ ಬಸ್ಸಿನ ಹಾರನ್ ಬಿದ್ದೈತೆ. ಅದನ್ನ ಹಂಗೇ ಬುಟ್ಟಿದ್ದೀನಿ.

ಹಳೇದನ್ನ ಅಳಿಸಿದ್ದೀನಿ, ಹೆದರಬೇಡ. ಹೊಸದು ಈ ಪೆನ್‌ಡ್ರೈವಲ್ಲಿ ಐತೆ. ಒಂದ್ಸಲ ಪೂರ್ತಿ ಕೇಳಿ, ನಿನ್ನ ದನಿ ಇಲ್ಲ ಅಂತ ನೀನೇ ಖಾತ್ರಿ ಮಾಡ್ಕೊಂಡು ತಿಳಿಸು. ನನ್ನ ಕಿವಿ ನಂಬಂಗಿಲ್ಲ. ನಂಗೆ ಇನ್ನೂ ಕೇಳಿಸ್ತೈತೆ.

ಇಂತಿ,
ರೇಣುಕಾಪ್ರಸಾದ್