ಜೋಳದ ರೊಟ್ಟಿ ಕೇಳಿದರೆ ಹಂಚು ತೋರಿಸುವವರಿಗೆ

ಹುಡುಕುಯಂತ್ರದ ಶ್ರೇಯಾಂಕ ವಿಭಾಗದ ಮಾನ್ಯ ಮುಖ್ಯಸ್ಥರೇ,

ನಮ್ಮ ಖಾನಾವಳಿಯನ್ನು ಎಲ್ಲಿ ಬಚ್ಚಿಟ್ಟಿದ್ದೀರಿ? ಹೈದರಾಬಾದಿನ ಕುಷಾಯಿಗೂಡದಲ್ಲಿ ಅದು ಇದ್ದಲ್ಲೇ ಇದೆ, ನಿಮ್ಮ ಯಂತ್ರದಲ್ಲಿ ಮಾತ್ರ ಇಲ್ಲ. ಮೊನ್ನೆ ಮೊನ್ನೆಯವರೆಗೆ ‘ಹೈದರಾಬಾದಿನಲ್ಲಿ ಜೋಳದ ರೊಟ್ಟಿ’ ಎಂದು ಕೇಳಿದವರಿಗೆಲ್ಲ ಮೊದಲ ಪುಟದ ಮೊದಲ ಸಾಲಿನಲ್ಲೇ ಸಿಗುತ್ತಿದ್ದೆವು. ಈಗ ಅದೇ ಮಾತು ಕೇಳಿದರೆ ನೀವು ತೋರಿಸುವುದು ಬೇಗಂ ಬಜಾರಿನ ಸಗಟು ವ್ಯಾಪಾರಿಯೊಬ್ಬರ ಹಂಚಿನ ಅಂಗಡಿ. ಹಸಿದು ಬಂದವನ ಕೈಗೆ ಬರೀ ಹಂಚು ಕೊಟ್ಟು ಕಳಿಸುವುದು ಯಾವ ಊರಿನ ಪದ್ಧತಿ ಸ್ವಾಮಿ? ಎರಡನೆಯ ಸ್ಥಾನದಲ್ಲಿ ‘ನಗರದ ಹತ್ತು ಅತ್ಯುತ್ತಮ ರೊಟ್ಟಿಗಳು’ ಎಂಬ ಲೇಖನವಿದೆ. ರುಮಾಲಿ ರೋಟಿಯ ಚಿತ್ರದ ಕೆಳಗೆ ‘ಜೋಳದ ರೊಟ್ಟಿ’ ಎಂದು ಬರೆದು, ಜಾಮ್ ಹಚ್ಚಿಕೊಂಡು ತಿಂದರೆ ಬಲು ರುಚಿ ಎಂದು ಸಲಹೆ ಬೇರೆ ಕೊಟ್ಟಿದ್ದಾರೆ. ಅದನ್ನು ಓದಿದ ನನ್ನ ಹೆಂಡತಿ ಕಮಲಾಕ್ಷಿ ಮನೆಯಲ್ಲಿದ್ದ ಜಾಮಿನ ಸೀಸೆಯನ್ನು ತೆಗೆದು ಕಸದ ಬುಟ್ಟಿಗೆ ಹಾಕಿದಳು. ಒಂದು ಅಗುಳನ್ನೂ ಚೆಲ್ಲದವಳು ಅವಳು.

ನಾನು ಇಲ್ಲಿನ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಿಂದ ನಿವೃತ್ತನಾದವನು. ಖಾನಾವಳಿ ಕಮಲಾಕ್ಷಿಯದು. ರೊಟ್ಟಿ ಬಡಿಯುವವಳು ಯಾದಗಿರಿ ಕಡೆಯ ಹಂಪಮ್ಮ. ಕಟ್ಟಡದ ಕೆಲಸಕ್ಕೆಂದು ಈ ಊರಿಗೆ ಬಂದು, ಇಟ್ಟಿಗೆ ಹೊತ್ತು ಹೊತ್ತು ಸೊಂಟ ಹಿಡಿದ ಮೇಲೆ ನಮ್ಮ ಒಲೆಯ ಮುಂದೆ ಕುಳಿತವಳು. ಸಾಫ್ಟ್‌ವೇರ್ ಕಂಪನಿಯಲ್ಲಿರುವ ಮಗಳು ಲಹರಿ ಖಾನಾವಳಿಗೊಂದು ವೆಬ್‌ಸೈಟ್ ಮಾಡಿಕೊಟ್ಟು, “ಅಪ್ಪಾ, ಯಂತ್ರಕ್ಕ ನಾಲಿಗಿ ಇರೂದಿಲ್ಲ. ಜನ ಏನ್ ಹುಡುಕ್ತಾರೋ ಆ ಮಾತು ಪೇಜಿನ್ಯಾಗ ಇರಬೇಕು, ಅಷ್ಟ” ಎಂದಳು.

ಅಷ್ಟೇ ತಾನೆ? ನಿವೃತ್ತರಾದವರು ಬೆಳಿಗ್ಗೆ ಸ್ನಾನ ಮಾಡಿ ಶಿವನಾಮ ಬರೆಯುವುದು ನಮ್ಮ ಮನೆತನದ ವಾಡಿಕೆ. ಪಕ್ಕದ ಮನೆಯ ತೆಲುಗು ಯಜಮಾನರು ರಾಮಕೋಟಿ ಬರೆಯುತ್ತಾರೆ. ಒಂದೇ ಹೆಸರನ್ನು ಪುಟಗಟ್ಟಲೆ ಬರೆದರೆ ಒಲಿಯದ ದೈವವಿಲ್ಲ ಎಂದು ನಂಬಿದ ಬೀದಿ ನಮ್ಮದು. ನಾನು ವಿಭೂತಿ ಹಚ್ಚಿಕೊಂಡು ಕಂಪ್ಯೂಟರ್ ಮುಂದೆ ಕೂತು ‘ಕುಷಾಯಿಗೂಡ ಜೋಳದ ರೊಟ್ಟಿ’ ಎಂದು ಬರೆಯತೊಡಗಿದೆ. ಒಂದು ಪುಟ ತುಂಬಿದರೆ ಇನ್ನೊಂದು. ಕಾಪಿ ಮಾಡಿ ಅಂಟಿಸಿದರೆ ಫಲ ಸಿಗದೆಂದು ಪ್ರತಿ ಸಲವೂ ಕೈಯಾರೆ ಟೈಪ್ ಮಾಡಿದೆ. ನಿಮ್ಮ ಯಂತ್ರ ಒಲಿಯಿತು! ಊರಿನ ಆ ತುದಿಯಿಂದ ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ ನೇತುಹಾಕಿಕೊಂಡ ಹುಡುಗರು ಕಾರಿನಲ್ಲಿ ಬಂದು, ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಎಣ್ಣೆಗಾಯಿ ಕೇಳಿ ಕೇಳಿ ಬಡಿಸಿಕೊಂಡರು. ನಾವು ಎರಡನೆಯ ಒಲೆ ಹೂಡಿದೆವು.

ಆಮೇಲೊಂದು ದಿನ ಅವರ್ಯಾರೂ ಬರಲಿಲ್ಲ. ಲಹರಿಗೆ ಫೋನ್ ಮಾಡಿದೆ. “ರೂಲ್ ಬದಲ್ ಆಗ್ಯಾವಪ್ಪಾ. ಒಂದ ಮಾತು ಹಾಂಗ ತುರುಕಿದ್ರ ಈಗ ಮೋಸ ಅಂತಾರ. ನಮಗ ಶಿಕ್ಷಾ ಬಿದ್ದೈತಿ” ಎಂದಳು. ಮೋಸವೇ? ಜಪ ಮಾಡಿದವನನ್ನು ಮೋಸಗಾರ ಎಂದ ದೈವವನ್ನು ನಾನು ಇದೇ ಮೊದಲು ಕಂಡದ್ದು. ನಿನ್ನೆ ಮೆಚ್ಚಿ ವರ ಕೊಟ್ಟದ್ದು ನೀವೇ ಅಲ್ಲವೇ? ನಿಯಮ ಬದಲಿಸುವ ಮುನ್ನ ಡಂಗುರ ಹೊಡೆಸಬೇಕೆಂದು ನಿಮಗೆ ತೋಚಲಿಲ್ಲವೇ? ನಮ್ಮ ಕಾರ್ಖಾನೆಯಲ್ಲಿ ಕ್ಯಾಂಟೀನಿನ ಉಪ್ಪಿಟ್ಟಿನ ವಾರ ಬದಲಾದರೂ ನೋಟಿಸ್ ಬೋರ್ಡಿಗೆ ಕಾಗದ ಅಂಟಿಸುತ್ತಿದ್ದರು.

ದೂರು ಕೊಟ್ಟರೆ, ‘ಬಳಕೆದಾರರಿಗೆ ಉಪಯುಕ್ತವಾದ ಗುಣಮಟ್ಟದ ಬರಹ ಪ್ರಕಟಿಸಿ’ ಎಂದು ನಿಮ್ಮ ಕಡೆಯಿಂದ ಉತ್ತರ ಬಂತು. ಜಪವನ್ನೆಲ್ಲ ಅಳಿಸಿದೆ. ಜೋಳದ ಬಿತ್ತನೆಯಿಂದ ಹಿಡಿದು ಜೀರ್ಣವಾಗುವವರೆಗಿನ ಸಮಗ್ರ ಪ್ರಬಂಧ ಬರೆದೆ. ಕಮಲಾಕ್ಷಿ ಬಾಗಿಲಲ್ಲಿ ನಿಂತು, “ರೊಟ್ಟಿ ಮ್ಯಾಲೆ ಬರೀತ ಕುಂತು ಹಿಟ್ಟು ಬೀಸಿಸಿಕೊಂಡು ಬರೂದ ಮರ್ತೀರಿ. ಓದಿದ್ರ ಹೊಟ್ಟಿ ತುಂಬತೈತೇನ್ರಿ?” ಎಂದಳು. ಹೊಟ್ಟೆಯೂ ತುಂಬಲಿಲ್ಲ, ನಿಮ್ಮ ಯಂತ್ರವೂ ಜಗ್ಗಲಿಲ್ಲ. ಅಂದಹಾಗೆ, ಗುಣಮಟ್ಟ ಅಳೆಯುವ ತಾವು ಎಂದಾದರೂ ನಮ್ಮ ರೊಟ್ಟಿ ಮುರಿದು ಬಾಯಿಗಿಟ್ಟಿದ್ದೀರಾ?

ಇಷ್ಟೇ ಆಗಿದ್ದರೆ ಗೊಣಗಿಕೊಂಡು ಸುಮ್ಮನಿರುತ್ತಿದ್ದೆ. ನನಗೆ ನಿಜವಾಗಿ ಸಿಟ್ಟು ಬಂದದ್ದು ಎರಡನೆಯ ಒಲೆ ಆರಿದ ಮೇಲೆ. ಹಂಪಮ್ಮ ಹಿಟ್ಟಿನ ಕೈ ತೊಳೆದುಕೊಂಡು ಬಂದು, “ಅಕ್ಕಾರ, ದಿನಕ್ಕ ನಾಕ ರೊಟ್ಟಿ ಬಡದು ಸುಮ್ನ ಕುಂತು ಪಗಾರ ಹ್ಯಾಂಗ ತಗೊಳ್ಳಲಿ? ಮೇಸ್ತ್ರಿಗೆ ಹೇಳೀನ್ರಿ, ಸೋಮವಾರದಿಂದ ಇಟ್ಟಂಗಿ ಕೆಲಸಕ್ಕ ಹೊಂಟೆ” ಎಂದಳು.

“ನಿನ್ನ ಸೊಂಟ?” ಎಂದು ಕಮಲಾಕ್ಷಿ ಕೇಳಿದಳು.

“ಅದು ಇದ್ದದ್ದ ಅದರಿ” ಎಂದು ನಕ್ಕುಬಿಟ್ಟಳು. ಅವಳು ಹೋದ ಮೇಲೆ ಕಮಲಾಕ್ಷಿ ಅತ್ತಳು.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಜಪ ಮಾಡಿದವನು ನಾನು, ಶಿಕ್ಷೆಯನ್ನು ನನ್ನ ಹೆಸರಿಗೆ ಹಾಕಿ. ಅಡುಗೆ ಮಾಡಿದವರನ್ನು ಬಿಟ್ಟುಬಿಡಿ. ಕುಷಾಯಿಗೂಡದ ರೊಟ್ಟಿ ಕೇಳಿದವರಿಗೆ ಕುಷಾಯಿಗೂಡದ ರೊಟ್ಟಿಯನ್ನೇ ತೋರಿಸಿ. ನನ್ನ ಮಾತಿನಲ್ಲಿ ನಂಬಿಕೆ ಇಲ್ಲದಿದ್ದರೆ ಸಾಕ್ಷಿಯನ್ನು ವಿಚಾರಿಸಿ, ದೂರವೇನೂ ಹೋಗಬೇಕಿಲ್ಲ. ಹಂಪಮ್ಮನಿಗೆ ಕೆಲಸ ಸಿಕ್ಕಿರುವುದು ಇದೇ ಊರಿನಲ್ಲಿರುವ ನಿಮ್ಮ ಕಚೇರಿಯ ಪಕ್ಕದಲ್ಲೇ ಏಳುತ್ತಿರುವ ನಿಮ್ಮ ಹೊಸ ಕಟ್ಟಡದಲ್ಲಿ. ಕಿಟಕಿಯ ಪರದೆ ಸರಿಸಿ ಕೆಳಗೆ ನೋಡಿ. ತಲೆಯ ಮೇಲೆ ಇಟ್ಟಿಗೆ ಹೊತ್ತು, ಒಂದು ಕೈಯನ್ನು ಸೊಂಟಕ್ಕೆ ಆನಿಸಿಕೊಂಡು ಹತ್ತುತ್ತಿದ್ದಾಳಲ್ಲ, ಅವಳೇ. ಅವಳನ್ನು ಹುಡುಕಲು ಯಂತ್ರ ಬೇಕಾಗಿಲ್ಲ. ನಮ್ಮ ಒಲೆಯ ಮುಂದಕ್ಕೆ ಕಳಿಸಿಕೊಡಿ.

ಇಂತಿ,
ಅವಳು ಬರುವ ತನಕ ಅವಳ ಜಾಗದಲ್ಲಿ ಕೂತು, ಬಡಿದ ರೊಟ್ಟಿಯನ್ನೆಲ್ಲ ಹರಿದು ಹೆಂಡತಿಯಿಂದ ಬೈಸಿಕೊಳ್ಳುತ್ತಿರುವ,
ಗುರುಶಾಂತ
ಕುಷಾಯಿಗೂಡ, ಹೈದರಾಬಾದ್